ವೇಬ್ರಿಡ್ಜಿಗೆ ಬಂದ ಲಿನಕ್ಸ್

"ಅಣ್ಣಾ, ವೇಬ್ರಿಡ್ಜಿಗೆ ಯಾವ ದಾರಿ?"

ಕೈರೋದಲ್ಲೂ ದಾರಿ ತಪ್ಪದ ನಾನು ದೇವನೂರಿನ ಹತ್ತಿರ ತಪ್ಪಿ, ಕಂಪ್ಯೂಟರ್ ಡಬ್ಬ ಹೊತ್ತು ನಿಂತಿದ್ದೆ. ಲೋಡು ತೂಗಿಸಲು ಆ ವೇಬ್ರಿಡ್ಜಿಗೇ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರಿನವನು ನಿಲ್ಲಿಸಿ ಹತ್ತಿಸಿಕೊಂಡ. ಅಷ್ಟರಲ್ಲಿ ಹಿಂದಿದ್ದ ಟ್ರ್ಯಾಕ್ಟರುಗಳೆಲ್ಲ ಮುಂದೆ ಹೋದವು.

"ಓಗ್ಲಿ ಬುಡಿ ಅಕ್ಕಾ. ತೂಕಕ್ಕೆ ಕಾಯ್ತಾ ಬಿಸಿಲಿಗೆ ಕಬ್ಬು ಒಣಗಿ ಅಗುರಾಯ್ತದೆ, ಅಷ್ಟೇಯ," ಎಂದ. ತೂಕ ಕಮ್ಮಿಯಾದರೆ ದುಡ್ಡೂ ಕಮ್ಮಿ; ಅಷ್ಟೇ ಅಂತೆ!

ವೈರಸ್ ಕಾಟ ತಾಳಲಾರದೆ ವೇಬ್ರಿಡ್ಜಿನ ಯಜಮಾನರು ಕಳಿಸಿಕೊಟ್ಟಿದ್ದ ಕಂಪ್ಯೂಟರಿಗೆ ನಾನು ವಿಂಡೋಸ್ ಬದಲು ಲಿನಕ್ಸ್ ಹಾಕಿ ತಂದಿದ್ದೆ. ಅವರಿಗೆ ನಂಬಿಕೆಯಿಲ್ಲ.

"ತೂಕದ ಪ್ರೋಗ್ರಾಮು ವಿಂಡೋಸಿಂದು ಕಣಮ್ಮ. ಇದ್ರಲ್ಲಿ ಓಡ್ತದಾ?"

"ಓಡುತ್ತೆ. ವೈನ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದರೊಳಗೆ ಕೂರಿಸಿದ್ರೆ ಪ್ರೋಗ್ರಾಮಿಗೆ ಮನೆ ಬದಲಾಗಿದ್ದೇ ಗೊತ್ತಾಗಲ್ಲ."

ಪ್ರೋಗ್ರಾಮು ತೆರೆಯಿತು, ಆದರೆ ಸೊನ್ನೆ ಬಿಟ್ಟು ಅಲುಗಲಿಲ್ಲ. ತೂಕದ ಕೇಬಲ್ ಯಾವ ಪೋರ್ಟಿನಲ್ಲಿದೆ ಎಂದು ವೈನಿಗೆ ಹೇಳಿಕೊಟ್ಟೆ. ಪರೀಕ್ಷೆಗೆ ಯಜಮಾನರೇ ವೇಬ್ರಿಡ್ಜ್ ಹತ್ತಿ ನಿಂತರು. ತೊಂಬತ್ತು ಕೇಜಿ!

"ಜಾಸ್ತಿ ತೋರುಸ್ತದೆ!"

"ಸರಿಯಾಗೇ ಅದೆ ಸಾ," ಎಂದು ತೂಕಕ್ಕೆ ಸಾಲುಗಟ್ಟಿದ್ದ ಟ್ರ್ಯಾಕ್ಟರಿನವರೆಲ್ಲ ನಕ್ಕರು.

"ಮೊದಲು ಕಟ್ಟಕಡೆಯ ಟ್ರ್ಯಾಕ್ಟರ್ ಬರಲಿ. ನನ್ನಿಂದಲೇ ಅದು ಹಿಂದೆ ಬಿದ್ದಿದ್ದು," ಎಂದೆ.

ನಗುತ್ತಿದ್ದವರು ಗೊಣಗಿದರು. ಆದರೆ ಆ ಊರಲ್ಲಿ ಅವತ್ತು ವೈನ್ ನಡೆಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಮೊದಲ ತೂಕದ ಚೀಟಿಯನ್ನು ನನ್ನನ್ನು ಹತ್ತಿಸಿಕೊಂಡು ಬಂದವನ ಕೈಗಿಟ್ಟು ಋಣ ತೀರಿಸಿದೆ.