ಯಾರೂ ಇಲ್ಲದಾಗ ಹತ್ತುವ ದೀಪ

ದೀಪದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಬೀದಿಯ ಬಾಯಿಗೆ ಬಿದ್ದ ಮೇಲೆ ಯಾವ ಹೆಸರು ಉಳಿದೀತು? ಗಂಡ ಕೂಡ ಫೋನಿನಲ್ಲಿ ಅವಳ ನಂಬರನ್ನು ‘ದೀಪ’ ಎಂದೇ ಬರೆದುಕೊಂಡಿದ್ದ.

ಮೊದಲು ಅವಳು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಂಗಡಿ ಮುಚ್ಚಿದಾಗ ಅಲ್ಲಿಗೆ ಮಾಲು ಹಾಕುತ್ತಿದ್ದ ಸಗಟು ವ್ಯಾಪಾರಿಯನ್ನು ಹಿಡಿದು, ಅವನ ಬಳಿಯಿದ್ದ ಒಂದೇ ಒಂದು ಬಗೆಯ ದೀಪವನ್ನು ಆನ್‌ಲೈನಿನಲ್ಲಿ ಮಾರಲು ಕುಳಿತಳು. ಅಂಗೈಯಗಲದ ಬ್ಯಾಟರಿ ದೀಪ. ಗೋಡೆಗೆ ಅಂಟಿಸಿಬಿಟ್ಟರೆ ಆಯಿತು. ಕತ್ತಲಲ್ಲಿ ಯಾರಾದರೂ ಪಕ್ಕದಲ್ಲಿ ಹಾದುಹೋದರೆ ತಾನೇ ಹತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಾನೇ ಆರುತ್ತದೆ. ಬಚ್ಚಲಿಗೆ ಏಳುವ ಮುದುಕರಿಗೆ, ಎಳೆಮಕ್ಕಳ ತಾಯಂದಿರಿಗೆ ಹೇಳಿ ಮಾಡಿಸಿದಂಥದ್ದು.

ಕೆಲಸ ಸುಲಭವಾಗಿತ್ತು. ಆನ್‌ಲೈನ್ ಮಾರಾಟದ ಕಂಪನಿಗೆ ಊರಾಚೆ ದೊಡ್ಡದೊಂದು ಗೋದಾಮಿತ್ತು. ಪೆಟ್ಟಿಗೆಗಳನ್ನು ಅಲ್ಲಿಗೆ ಕಳಿಸಿಬಿಟ್ಟರೆ ಕಟ್ಟುವುದು, ಮನೆಮನೆಗೆ ಮುಟ್ಟಿಸುವುದು, ಬೇಡವೆಂದವರಿಂದ ವಾಪಸು ತರುವುದು ಎಲ್ಲ ಅವರದೇ. ಕೊಂಡವರು ಯಾರು, ಎಲ್ಲಿಯವರು ಎಂಬುದು ದೀಪದಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಆಳದ ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟು ಕುಳಿತ ಹಾಗೆ. ಎಷ್ಟೋ ಹೊತ್ತಿನ ಮೇಲೆ ಫೋನು ಒಂದು ಸಲ ಮಿಡಿಯುತ್ತಿತ್ತು, ದೀಪ ಮಾರಾಟವಾಗಿದೆ ಎಂದು.

ಆಮೇಲೆ ಕಂಪನಿ ಒಂದೊಂದೇ ಶುಲ್ಕ ಏರಿಸಿತು. ಇಡುವ ಬಾಡಿಗೆ ಹೆಚ್ಚಾಯಿತು. ತೂಕ ನೋಡುತ್ತಿದ್ದವರು ಪೆಟ್ಟಿಗೆಯ ಗಾತ್ರ ಅಳೆಯತೊಡಗಿದರು. ಕೊನೆಗೆ ಮಾಲು ಒಳಗೆ ಇಳಿಸಿಕೊಳ್ಳುವುದಕ್ಕೂ ಶುಲ್ಕ ಬಂತು; ದೂರದ ನಾಲ್ಕಾರು ಗೋದಾಮುಗಳಿಗೆ ನೀವೇ ಹಂಚಿ ಕಳಿಸಿದರೆ ಕಡಿಮೆ, ಒಂದೇ ಕಡೆ ತಂದು ಸುರಿದರೆ ಹೆಚ್ಚು. ದೀಪದಕ್ಕ ಪೆಟ್ಟಿಗೆ ಚಿಕ್ಕದು ಮಾಡಿಸಿದಳು. ಎರಡೆರಡು ದೀಪ ಸೇರಿಸಿ ಮಾರಿ ನೋಡಿದಳು. ಬೆಲೆ ಸ್ವಲ್ಪ ಏರಿಸಿದ್ದೇ ತಡ, ಗಿರಾಕಿಗಳು ಹಕ್ಕಿಗಳ ಹಾಗೆ ಪಕ್ಕದ ಅಂಗಡಿಗೆ ಹಾರಿದರು. ಅತ್ತೆ ಎಲ್ಲ ಕೇಳಿಸಿಕೊಂಡು, ಮೂಗಿಗಿಂತ ಮೂಗುತಿ ಭಾರವಾಯಿತು ಅಂದರು.

ಎಲ್ಲಕ್ಕಿಂತ ನೋಯಿಸಿದ್ದು ವಾಪಸು ಬರುವ ದೀಪಗಳು. ಅವಕ್ಕೂ ಅವಳೇ ಶುಲ್ಕ ತೆರಬೇಕು. ದೂರು ಮಾತ್ರ ಬಹುಪಾಲು ಒಂದೇ: ಯಾರೂ ಇಲ್ಲದಾಗ ಹತ್ತುತ್ತದೆ. ಅಂಗಡಿಯಲ್ಲಿದ್ದಾಗಲೇ ಅವಳಿಗೆ ಇದರ ಕಾರಣ ಗೊತ್ತಿತ್ತು. ಆ ದೀಪದ ಕಣ್ಣು ನೋಡುವುದು ಮನುಷ್ಯರನ್ನಲ್ಲ, ಮೈಯ ಬಿಸಿಯನ್ನು. ಬಿಸಿಗಾಳಿ ಸುಳಿದರೂ, ಕಾದ ಗೋಡೆ ತಣಿದರೂ ಅದು ಮೋಸಹೋಗುತ್ತದೆ. ಹಾಗೆಂದು ಮಾರಾಟದ ಪುಟದಲ್ಲೇ ಎಲ್ಲರಿಗೂ ಉತ್ತರ ಬರೆದಳು. ಒಬ್ಬಾಕೆ ತಿರುಗಿ ಬರೆದಳು: “ನಮ್ಮ ಕೋಣೆಯಲ್ಲಿ ಗಾಳಿಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ದಯವಿಟ್ಟು ವಾಪಸು ತಗೊಳ್ಳಿ.”

ಕಡೆಗೆ ಅವಳು ಗೋದಾಮಿನಲ್ಲಿದ್ದ ಮಾಲನ್ನೆಲ್ಲ ಮನೆಗೆ ತರಿಸಿಕೊಂಡಳು. ತಾನೇ ಕಟ್ಟಿ, ಕೊರಿಯರಿಗೆ ಕೊಡುವುದೆಂದು ತೀರ್ಮಾನವಾಯಿತು. ಎರಡೇ ಕೋಣೆಯ ಮನೆ. ಪೆಟ್ಟಿಗೆಗಳು ಅಡುಗೆಮನೆಯ ಬಾಗಿಲಿನವರೆಗೆ ಬೆಳೆದವು. ಅತ್ತೆಯ ಮಂಚದ ಅಡಿಗೆ ಪೆಟ್ಟಿಗೆ ತುರುಕಲು ಇಟ್ಟಿಗೆ ಕೊಟ್ಟು ಎತ್ತರಿಸಿದರು. ಇನ್ನೊಂದು ಸಾಲು ಇಟ್ಟರೆ ಸ್ವರ್ಗ ಕೈಗೇ ಎಟುಕುತ್ತದೆ ಎಂದು ಅತ್ತೆ ಮೇಲಿಂದಲೇ ಹೇಳಿದರು. ಶಾಲೆಯ ವ್ಯಾನು ಓಡಿಸುವ ಗಂಡ, ಸಂಜೆ ಮನೆಗೆ ಬಂದು ಅಡ್ಡಡ್ಡ ನಡೆದು ಕೈಕಾಲು ತೊಳೆಯಲು ಹೋಗುತ್ತಿದ್ದ.

ಮೊದಲ ಸಲ ಅವಳಿಗೆ ಕೊಂಡವರ ವಿಳಾಸಗಳು ಕಂಡದ್ದು ಆಗ. ತನ್ನ ಕೈಯಿಂದಲೇ ಬರೆದು ಅಂಟಿಸುವಾಗ ಒಂದು ವಿಳಾಸ ಮತ್ತೆ ಮತ್ತೆ ಬರುತ್ತಿತ್ತು. ಇದೇ ಊರಿನ ಅಂಚು, ಹಳೆಯ ಕಾರ್ಖಾನೆಯ ಹಿಂದಿನ ವಸತಿ ಕಟ್ಟಡ. ಕೊಂಡವನು ಒಂದು ದೀಪವನ್ನೂ ವಾಪಸು ಕಳಿಸಿರಲಿಲ್ಲ. ಇಂಥ ಗಿರಾಕಿ ಪುಣ್ಯದಿಂದ ಸಿಗಬೇಕು ಎಂದುಕೊಂಡಳು. ಅಷ್ಟರಲ್ಲಿ ಕೊರಿಯರಿಗೆ ಹೊಸಬನೊಬ್ಬ ಬಂದ. ಅಲ್ಲಿಗೆ ಹೋದ ಪೊಟ್ಟಣ ಹಾಗೇ ತಿರುಗಿ ಬಂತು. ಮೇಲೆ ಅವನ ಕೈಬರಹ: ಈ ವಿಳಾಸದಲ್ಲಿ ಯಾರೂ ವಾಸವಿಲ್ಲ.

ಕೊಂಡವನಿಗೆ ಸಂದೇಶ ಕಳಿಸಿದಳು. ಇದ್ದೀನಿ, ದೀಪ ಬೇಕೇ ಬೇಕು, ಗೇಟಿಗೆ ನೇತುಹಾಕಿದರೂ ಸಾಕು ಎಂದು ಉತ್ತರ ಬಂತು. ಇದ್ದೊಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಳ್ಳಲು ಮನಸ್ಸಾಗದೆ, ಮಧ್ಯಾಹ್ನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಆರು ಅಂತಸ್ತಿನ ಕಟ್ಟಡ. ನಡುವೆ ಅಂಗಳ, ಸುತ್ತ ಪ್ರತಿ ಅಂತಸ್ತಿಗೂ ತೆರೆದ ಪಡಸಾಲೆ, ಅದಕ್ಕೆ ಮುಖಮಾಡಿದ ಬಾಗಿಲುಗಳು. ಎಲ್ಲಕ್ಕೂ ಬೀಗ. ಬಟ್ಟೆ ಒಣಹಾಕುವ ತಂತಿಗಳಲ್ಲಿ ಒಂದು ಕರವಸ್ತ್ರವೂ ಇರಲಿಲ್ಲ. ಇಷ್ಟೊಂದು ಮನೆಗಳಿದ್ದೂ ಕುಕ್ಕರಿನ ಒಂದು ಸೀಟಿ, ಮಗುವಿನ ಒಂದು ಅಳು ಕೇಳದಿರುವ ಜಾಗಕ್ಕೆ ಅವಳು ಎಂದೂ ಕಾಲಿಟ್ಟಿರಲಿಲ್ಲ. ನೆಲಮಹಡಿಯ ಕೋಣೆಯಿಂದ ನರೆತ ಮೀಸೆಯ ಗಟ್ಟಿಮುಟ್ಟು ಗಂಡಸೊಬ್ಬ ಹೊರಬಂದ. ಅಲ್ಲಿ ಲಿಫ್ಟು ನಡೆಸುತ್ತಿದ್ದವನಂತೆ. ಮಕ್ಕಳು ಲಿಫ್ಟು ಮಾಮ ಅನ್ನುತ್ತಿದ್ದವು, ನೀವೂ ಹಾಗೇ ಕರೆಯಿರಿ ಎಂದ. ಕಾರ್ಖಾನೆ ಬೇರೆ ಊರಿಗೆ ಹೋದಾಗ ಜನರೂ ಅದರ ಹಿಂದೆ ಹೋದರು. ಮನೆಗಳ ಬೀಗದ ಕೈ ಇವನ ಬಳಿ ಬಿಟ್ಟು, ನೋಡಿಕೊಳ್ಳಲು ತಿಂಗಳಿಗಿಷ್ಟು ಎಂದು ಕಳಿಸುತ್ತಿದ್ದರು.

ಇಷ್ಟು ದೀಪ ಎಲ್ಲಿಗೆ ಎಂದು ಅವಳು ಕೇಳಿದಳು.

“ಮನೆಗೊಂದು ಅಂಟಿಸ್ತಾ ಬಂದಿದ್ದೀನಮ್ಮ. ಬಾಗಿಲ ಒಳಗಡೆ, ಮೇಲೆ.”

“ಮನೆಗಳಲ್ಲಿ ಯಾರೂ ಇಲ್ವಲ್ಲ ಮಾಮ?”

“ಅದಕ್ಕೇ ನಿಮ್ಮದನ್ನ ಹುಡುಕಿದ್ದು. ಬೇರೆಯವರದ್ದು ಜನ ಬಂದ್ರೆ ಮಾತ್ರ ಹತ್ತತ್ತೆ. ನಿಮ್ಮದು ಹಾಗಲ್ಲ ಅಂತ ಎಷ್ಟೊಂದು ಜನ ಬರೆದಿದ್ದಾರೆ, ಓದಿದೆ.”

ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದಳು. ತಮಾಷೆಯ ಸುಳಿವಿರಲಿಲ್ಲ. ಅವನು ಚಹಾ ಮಾಡಿ ಕೊಟ್ಟ. ಅದು ಮುಗಿಯುವಷ್ಟರಲ್ಲಿ ಹೊತ್ತು ಇಳಿದು, ಅಂಗಳದಲ್ಲಿ ಕತ್ತಲು ತುಂಬಿತು. ಹೊರಡಲು ಎದ್ದವಳಿಗೆ, ಸ್ವಲ್ಪ ನಿಲ್ಲಿ, ಕಾರ್ಖಾನೆಯ ಪಾಳಿ ಬಿಡುವ ಹೊತ್ತು ಎಂದ.

ಮೊದಲ ಅಂತಸ್ತಿನ ಮೂಲೆಯ ಬಾಗಿಲಿನ ಮೇಲಿದ್ದ ಗಾಜಿನ ಕಿಂಡಿಯಲ್ಲಿ ಹಳದಿ ಬೆಳಕು ಮೂಡಿತು. ಆಮೇಲೆ ಅದರ ಪಕ್ಕದ ಮನೆ. ಎರಡನೆಯ ಅಂತಸ್ತಿನಲ್ಲೊಂದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು. ಮೆಟ್ಟಿಲು ಹತ್ತುವವರು ಪಡಸಾಲೆ ದಾಟಿ, ಬೀಗ ತೆಗೆದು, ಚಪ್ಪಲಿ ಬಿಡಲು ಹಿಡಿಯುವಷ್ಟು ಬಿಡುವು. ದಿನವೆಲ್ಲ ಕಾದ ಗೋಡೆ ತಣಿಯುತ್ತಿದೆ, ಕೆಳಗಿನದು ಮೊದಲು ತಣಿಯುತ್ತದೆ ಎಂದು ದೀಪದಕ್ಕ ತನಗೆ ತಾನೇ ಹೇಳಿಕೊಂಡಳು. ಸರಿಯಾಗಿಯೇ ಇತ್ತು ಆ ಮಾತು. ಆದರೂ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಪಕ್ಕದಲ್ಲಿ ಲಿಫ್ಟು ಮಾಮ, ಶಾಲೆ ಬಿಟ್ಟ ಮಕ್ಕಳನ್ನು ಲೆಕ್ಕ ಹಾಕುವವನ ಹಾಗೆ ತುಟಿ ಆಡಿಸುತ್ತಿದ್ದ.

ಗೇಟಿನವರೆಗೆ ಬಂದವನಿಗೆ ಅವಳು ಮನೆಯಲ್ಲಿ ಕಾಲಿಡಲು ಜಾಗವಿಲ್ಲದ್ದನ್ನು ಯಾಕೋ ಹೇಳಿಕೊಂಡಳು. ಅವನು ಇಷ್ಟೇನಾ ಎಂಬಂತೆ ನಕ್ಕು ಮೇಲೆ ಕೈತೋರಿಸಿದ.

ಮಾಲು ಇಡಲು ಬಾಡಿಗೆಗೆ ಕೊಡುವಂತೆ ಮನೆಗಳ ಒಡೆಯರನ್ನು ಫೋನಿನಲ್ಲಿ ಅವನೇ ಒಪ್ಪಿಸಿದ. ಕಂಪನಿಯ ಗೋದಾಮು ಕೇಳುತ್ತಿದ್ದುದರ ಮುಂದೆ ಈ ಬಾಡಿಗೆ ಏನೂ ಅಲ್ಲ. ದೀಪದಕ್ಕನ ಜೊತೆಗೆ ಚಾಪೆಯಮ್ಮನೂ ಬಂದಳು. ಅದೇ ಕಂಪನಿಯ ಮೂಲಕ ವ್ಯಾಯಾಮದ ಚಾಪೆ ಮಾರುವ ವಿಧವೆ, ಬಾಯಿ ಜೋರು. ಸುತ್ತಿಟ್ಟ ಚಾಪೆಯ ಒಳಗಿನ ಟೊಳ್ಳನ್ನೂ ಅಳೆದು, ಗಾಳಿಗೂ ಬಾಡಿಗೆ ವಸೂಲಿ ಮಾಡಿದರು ಎಂಬುದು ಅವಳ ಸಿಟ್ಟು. ಇಬ್ಬರೂ ಒಂದು ಉಪಾಯ ಮಾಡಿದರು. ದೂರದ ಗಿರಾಕಿಗಳಿಗೆ ಒಂದು ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಕಂಪನಿಯ ಗೋದಾಮಿಗೆ, ಒಂದೇ ಗಾಡಿಯಲ್ಲಿ ಇಬ್ಬರದ್ದೂ ಸೇರಿಸಿ, ಉಳಿದದ್ದೆಲ್ಲ ಇಲ್ಲಿ; ಹತ್ತಿರದ ಊರುಗಳ ಆರ್ಡರುಗಳನ್ನು ಇಲ್ಲಿಂದಲೇ ಕಟ್ಟಿ ಕೊರಿಯರಿಗೆ ಕೊಡುವುದು. ಅತ್ತೆಯ ಮಂಚ ನೆಲಕ್ಕಿಳಿಯಿತು.

ದೀಪದಕ್ಕನ ಪಾಲಿಗೆ ಬಂದದ್ದು ಎರಡನೆಯ ಅಂತಸ್ತಿನ ಮನೆ. ಗೋಡೆಯಲ್ಲಿ ಪಟ ತೆಗೆದ ಜಾಗಗಳು ಬೆಳ್ಳಗೆ ಉಳಿದಿದ್ದವು. ಅವಳು ಬೆಳಗ್ಗೆ ಬಂದು, ಕತ್ತಲಾಗುವ ಮೊದಲು ಹೊರಡುತ್ತಿದ್ದಳು. ಮೋಡ ಕವಿದ ಒಂದು ದಿನ ನಡುಮನೆಯಲ್ಲಿ ಕುಳಿತು ಪೊಟ್ಟಣ ಕಟ್ಟುತ್ತಿದ್ದಾಗ ಬಾಗಿಲ ಮೇಲಿನ ದೀಪ ಹತ್ತಿತು. ಚಾಪೆಯಮ್ಮ ಬಂದಳೆಂದು ಅವಳು ತಲೆ ಎತ್ತದೆಯೇ ಮುಂದಿದ್ದ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದು, ಬಾ ಅಂದಳು. ಯಾರೂ ಬರಲಿಲ್ಲ. ದೀಪ ಇನ್ನಷ್ಟು ಹೊತ್ತು ಉರಿದು ಆರಿತು. ಎಳೆದ ಪೆಟ್ಟಿಗೆಯನ್ನು ಮತ್ತೆ ನಡುವಿಗೆ ತಳ್ಳಲು ಅವಳಿಗೆ ಕೈ ಬರಲಿಲ್ಲ.

ಅಂದಿನಿಂದ ಅವಳು ಪೆಟ್ಟಿಗೆಗಳ ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಟ್ಟೇ ಜೋಡಿಸುತ್ತಿದ್ದಳು. ಬಾಗಿಲಿಂದ ನೇರ ಹೋಗಿ, ಒಳಕೋಣೆಯಲ್ಲಿ ಎಡಕ್ಕೆ ತಿರುಗಿ, ಕಿಟಕಿಯ ಹತ್ತಿರ ಮುಗಿಯುತ್ತಿತ್ತು ಅದು. ಹಾಗೇಕೆ ತಿರುಗಿಸಿದಳೋ ಅವಳಿಗೇ ಗೊತ್ತಿಲ್ಲ. ಕೈ ಹೋದ ಕಡೆ ಪೆಟ್ಟಿಗೆ ಕೂತವು. ಬಾಡಿಗೆ ಕೊಟ್ಟ ಜಾಗವನ್ನು ದೆವ್ವಕ್ಕೆ ದಾನ ಮಾಡ್ತೀಯಾ ಎಂದು ಚಾಪೆಯಮ್ಮ ಹೊಟ್ಟೆ ಹಿಡಿದು ನಕ್ಕಳು. ಕೆಲವು ದಿನ ಕಳೆದು ದೀಪದಕ್ಕ ಪೊಟ್ಟಣಕ್ಕೆ ಅಂಟಿಸುವ ಟೇಪು ತರಲು ಕಟ್ಟಡದಲ್ಲಿ ಅವಳ ಪಾಲಿಗೆ ಬಂದ ಮನೆಗೆ ಹೋದರೆ, ಅಲ್ಲೂ ಚಾಪೆಗಳ ನಡುವೆ ದಾರಿ ಬಿಟ್ಟಿತ್ತು.

ಒಂದು ದಿನ ಆ ಎರಡನೆಯ ಅಂತಸ್ತಿನ ಮನೆಯ ಒಡತಿ, ಹೇಳದೆ ಕೇಳದೆ, ಮನೆ ನೋಡಲು ಬಂದಳು. ಮಧ್ಯವಯಸ್ಸಿನ ಹೆಂಗಸು, ದೂರದ ಪ್ರಯಾಣದಿಂದ ಬಳಲಿದ್ದಳು. ಕಿಟಕಿಗಳಿಗೆಲ್ಲ ಪೆಟ್ಟಿಗೆ ಅಡ್ಡವಾಗಿ ಒಳಗೆ ಮಬ್ಬುಗತ್ತಲು. ದೀಪದಕ್ಕ ಮುಂದೆ ಹೋದಳು, ಬಾಗಿಲ ಮೇಲಿನ ದೀಪ ಹತ್ತಿತು. ಅದು ಆರುವವರೆಗೂ ಆ ಹೆಂಗಸು ಹೊಸ್ತಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಕಾಲಿಟ್ಟಳು. ದೀಪ ಹತ್ತಲಿಲ್ಲ. ಅವಳು ಅದರ ಕೆಳಗೇ ಹಾದು, ಯಾರನ್ನೂ ಕೇಳದೆ ಆ ಇಕ್ಕಟ್ಟು ದಾರಿ ಹಿಡಿದು, ಎಡಕ್ಕೆ ತಿರುಗಿ, ಕಿಟಕಿಯ ಹತ್ತಿರ ಹೋಗಿ ನಿಂತಳು.

“ನಮ್ಮತ್ತೆ ಮಂಚ ಇಲ್ಲೇ ಇತ್ತು. ನಿಮಗೆ ಯಾರು ಹೇಳಿದ್ರು?”

ಯಾರೂ ಹೇಳಲಿಲ್ಲ ಎಂದಳು ದೀಪದಕ್ಕ. ಅತ್ತೆ ತೀರಿಕೊಂಡದ್ದು ಕಾರ್ಖಾನೆ ಬೇರೆ ಊರಿಗೆ ಹೋಗುವ ಮುಂಚೆಯೋ ಎಂದು ಕೇಳಬೇಕೆನಿಸಿತು. ಹೆಂಗಸು ಬರಿಯ ನೆಲದ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಕುಳಿತಳು. ಮತ್ತೆ ಬಾಗಿಲಿಗೆ ಬಂದಾಗ ತಲೆ ಎತ್ತಿ ದೀಪವನ್ನೇ ನೋಡಿದಳು, ಒಂದೆರಡು ಸಲ ಕೈ ಬೀಸಿದಳು. ಅದು ಕಣ್ಣು ಬಿಡಲಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದು ದೀಪದಕ್ಕ ನಾಚಿಕೆಯಿಂದ ಹೇಳುತ್ತಾ ಹತ್ತಿರ ಬಂದಳು. ಬರುತ್ತಿದ್ದಂತೆ ದೀಪ ಹತ್ತಿತು.

ಹೆಂಗಸು ಮೆಟ್ಟಿಲಿಳಿದು ಹೋದಳು. ಕೆಳಗೆ ಅವಳನ್ನು ಗೇಟಿನಾಚೆ ಬೀಳ್ಕೊಟ್ಟು ಬಂದ ಲಿಫ್ಟು ಮಾಮನಿಗೆ ದೀಪದಕ್ಕ ನಡೆದದ್ದನ್ನು ಹೇಳಿದಳು. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಬಿಟ್ಟು ಹೋದವರಿಗೆ ಹತ್ತಲ್ಲಮ್ಮ ಅದು. ಇರೋರಿಗೆ ಮಾತ್ರ.”

ಆ ರಾತ್ರಿ ಅವಳಿಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ತನಗೆ ಹತ್ತಿತಲ್ಲ ಎಂಬ ಯೋಚನೆ ಹುಳದ ಹಾಗೆ ಕೊರೆಯಿತು. ಬೆಳಗ್ಗೆ ಎದ್ದವಳು ಮಾರಾಟದ ಪುಟ ತೆರೆದು ದೀಪದ ವಿವರಣೆಯನ್ನು ತಿದ್ದಿದಳು. ಯಾರೂ ಇಲ್ಲದಿದ್ದರೂ ಒಮ್ಮೊಮ್ಮೆ ಹತ್ತುತ್ತದೆ, ಅದು ಬೇಡದವರು ಕೊಳ್ಳಬೇಡಿ ಎಂದು ಉಳಿದದ್ದೆಲ್ಲಕ್ಕಿಂತ ಮೇಲೆ ಬರೆದಳು. ಅಂಗಡಿ ಮುಚ್ಚುವ ಬುದ್ಧಿ ಎಂದು ಚಾಪೆಯಮ್ಮ ಬೈದಳು. ಆದದ್ದು ಬೇರೆ. ವಾಪಸು ಬರುವುದು ಬಹುತೇಕ ನಿಂತಿತು, ಅದರ ಶುಲ್ಕವೂ ತಪ್ಪಿತು. ಕೊಳ್ಳುವವರು ಕಡಿಮೆಯಾಗಲೂ ಇಲ್ಲ. ಅಷ್ಟು ಓದಿದ ಮೇಲೂ ಬೇಕೆನ್ನುವವರು ಇಷ್ಟು ಜನ ಇದ್ದಾರೆಯೇ ಎಂದು ವಿಳಾಸಗಳನ್ನು ಅಂಟಿಸುವಾಗ ಅವಳು ಒಂದೊಂದನ್ನೂ ಎರಡೆರಡು ಸಲ ಓದುತ್ತಾಳೆ. ಅವರಲ್ಲಿ ಯಾರೂ ದೂರು ಬರೆಯುವುದಿಲ್ಲ. ಹೊಗಳಿಯೂ ಬರೆಯುವುದಿಲ್ಲ.

ಈಗಲೂ ಅವಳ ವ್ಯಾಪಾರ ಅಲ್ಲಿಂದಲೇ ನಡೆಯುತ್ತಿದೆ. ಹೆಚ್ಚು ಆರ್ಡರು ಬಂದ ದಿನ ತಡವಾದರೆ ಗಂಡ ಶಾಲೆಯ ವ್ಯಾನು ತಂದು ಗೇಟಿನ ಮುಂದೆ ನಿಲ್ಲಿಸುತ್ತಾನೆ. ಮೇಲೆ ಬರುವುದಿಲ್ಲ, ಹಾರ್ನ್ ಕೂಡ ಮಾಡುವುದಿಲ್ಲ. ದೀಪದಕ್ಕ ಅಂಗಳ ದಾಟಿ ಬಂದು ಹತ್ತಿ ಕೂರುತ್ತಾಳೆ. ಅವಳು ಕೂತ ಮೇಲೂ ಅವನು ಬಾಗಿಲಿನ ಹಿಡಿ ಹಿಡಿದು, ಮಕ್ಕಳಿಗೆ ಕಾಯುವವನಂತೆ ಅಂಗಳದ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ಮೆತ್ತಗೆ ಮುಚ್ಚುತ್ತಾನೆ. ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟು ಕೂರುತ್ತಾಳೆ.