ಬಸುರಿ ಮರಗಳ ದಾರಿ

"ಬಾಯಿ ತೆಗಿ," ಎಂದರು ಯಾಕೊಮಿನಾ.

ಮೆಲ್ಕಿ ತೆಗೆಯಲು ನೋಡಿದ. ತುಟಿಗಳು ಬಿಟ್ಟವು, ಹಲ್ಲುಗಳು ಬಿಡಲಿಲ್ಲ. ಒಂದು ಬೆರಳು ತೂರುವಷ್ಟೂ ಜಾಗವಾಗಲಿಲ್ಲ. ಏನೋ ಹೇಳಲು ಹೋದ. ಬಿಸಿ ಸಾಗೋ ಹಿಟ್ಟಿನ ಗಂಜಿಯನ್ನು ಬಾಯಲ್ಲಿಟ್ಟುಕೊಂಡು ಮಾತಾಡಿದಂತೆ ಕೇಳಿಸಿತು. ಎಂಜಲು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ನುಂಗಲೂ ಅವನಿಂದ ಆಗುತ್ತಿರಲಿಲ್ಲ.

ಯಾಕೊಮಿನಾ ಅವನ ಗದ್ದದ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ಮಾಂಸ ತಗ್ಗಲಿಲ್ಲ. ಹಲಗೆಯನ್ನು ಒತ್ತಿದ ಹಾಗಿತ್ತು. ಅವರ ಕೈ ಅಲ್ಲೇ ನಿಂತಿತು.

ನನಗೆ ಅವರು ದೊಡ್ಡಮ್ಮ, ಊರಿಗೆಲ್ಲ ಅಜ್ಜಿ, ಅಂದರೆ ಓಮಾ ಮಿನಾ. ನುಸಲಾವುತ್ ದ್ವೀಪದ ನಮ್ಮ ಹಾತುವೆ ಹಳ್ಳಿಯಲ್ಲಿ ನಲವತ್ತು ವರ್ಷದಿಂದ ಅವರೇ ಸೂಲಗಿತ್ತಿ. ಸೊಂಟದ ಬಟ್ಟೆಯ ಗಂಟಿನಲ್ಲಿ ಯಾವಾಗಲೂ ಒಂದು ಹಿಡಿ ಲವಂಗ ಇರುತ್ತಿತ್ತು. ಬಾಣಂತಿಯ ಹೊಟ್ಟೆಗೆ ಬಿಸಿ ಮಾಡಿದ ಲವಂಗದ ಪೊಟ್ಟಣ. ನಿದ್ದೆಯಲ್ಲಿ ಬೆಚ್ಚುವ ಕೂಸಿನ ಕೊರಳಿಗೆ ಲವಂಗ ಪೋಣಿಸಿದ ದಾರ. ಜ್ವರ ಬಂದವರ ಹಣೆಯ ಮೇಲೆ ಲವಂಗ ಅಗಿದು ಊದುತ್ತಿದ್ದರು, ಚರ್ಮ ಚುರುಗುಟ್ಟಿದರೆ ಒಳಗೆ ಸೇರಿಕೊಂಡದ್ದು ಎದ್ದು ಹೋಗುತ್ತದೆ ಎಂದು. ಅವರ ಮನೆಯ ಕಾಫಿಯಲ್ಲೂ ಶುಂಠಿ, ಲವಂಗ ಎಷ್ಟಿರುತ್ತಿತ್ತೆಂದರೆ ಮೆಲ್ಕಿ ಪ್ರತಿ ಸಲ ಕೇಳುತ್ತಿದ್ದ, "ಓಮಾ, ಇದು ಕಾಫಿನೋ ಕಷಾಯನೋ?"

"ಕಾಯಿಲೆ ಇದ್ರೆ ಕಷಾಯ, ಇಲ್ದಿದ್ರೆ ಕಾಫಿ. ಬಾಯ್ಮುಚ್ಚಿ ಕುಡಿ."

ಮೆಲ್ಕಿ ಅವರ ಅಳಿಯ, ಮಗಳು ಫೆರ್ಡಾಳ ಗಂಡ. ಊರಿನಲ್ಲಿ ಅವನಂತೆ ಲವಂಗದ ಮರ ಹತ್ತುವವರು ಇಲ್ಲ. ಲವಂಗದ ಕೊಂಬೆ ನೋಡಲು ಗಟ್ಟಿ, ಭಾರ ಬಿದ್ದರೆ ಹೇಳದೆ ಕೇಳದೆ ಮುರಿಯುತ್ತದೆ. ಅವನಿಗೆ ಮಾತ್ರ ಯಾವ ಕೊಂಬೆ ಎಷ್ಟು ತಡೆಯುತ್ತದೆಂದು ಅಂಗಾಲಿಗೇ ಗೊತ್ತಾಗುತ್ತಿತ್ತು. ಮೂರು ದಿನದ ಹಿಂದೆ ಕೆನ್ನೆ ಹಿಡಿದುಕೊಂಡು ಅತ್ತೆಯ ಮುಂದೆ ಕೂತಿದ್ದ. ಕೆಳಗಿನ ದವಡೆಯ ಕೊನೆಯ ಹಲ್ಲು. ಓಮಾ ಲವಂಗ ಜಜ್ಜಿ ಹಲ್ಲಿನ ಬುಡಕ್ಕೆ ಒತ್ತಿದರು, ಮೇಲೆ ಎರಡು ತೊಟ್ಟು ಲವಂಗದ ಎಣ್ಣೆ ಬಿಟ್ಟರು. ಒಂದು ಗಳಿಗೆಯಲ್ಲೇ ಅವನು ನಕ್ಕ.

"ಹೋಯ್ತು ಓಮಾ. ನೋವು ಹೋಯ್ತು!"

"ಹೋಗ್ದೆ ಇನ್ನೇನು? ನನ್ನ ಕೈ ಅದು."

ಮಾರನೆಯ ದಿನ ಮತ್ತೆ ಬಂದ, ಮತ್ತೆ ಹೋಯಿತು. ಮೂರನೆಯ ದಿನ ಕೆನ್ನೆ ಊದಿತ್ತು. ಫೆರ್ಡಾ, "ಅಮ್ಮಾ, ಡಾಕ್ಟರ ಹತ್ರ ಹೋಗೋಣ್ವಾ?" ಎಂದಳು. "ನೋವಿದ್ಯೇನೋ?" ಎಂದು ಓಮಾ ಅಳಿಯನನ್ನು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. "ನೋವೇ ಇಲ್ದೋನಿಗೆ ಡಾಕ್ಟರ್ ಯಾಕೆ?" ಎಂದುಬಿಟ್ಟರು.

ಈಗ ನಾಲ್ಕನೆಯ ಬೆಳಿಗ್ಗೆ, ಬೆರಳ ಕೆಳಗೆ ಈ ಹಲಗೆ. ಓಮಾಗೆ ಅದರ ಗುರುತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಅವರ ಗಂಡನ ಗದ್ದವೂ ಹೀಗೆಯೇ ಗಟ್ಟಿಯಾಗಿತ್ತು. ಆ ಬೆಳಿಗ್ಗೆ ಅವರು ಹಣೆಗೆ ಲವಂಗ ಊದುತ್ತಲೇ ಇದ್ದರು. ಹೊತ್ತು ಮುಳುಗುವ ಮೊದಲು ಗಂಡನ ಉಸಿರು ಕಟ್ಟಿತ್ತು.

"ಫೆರ್ಡಾ, ಕುರ್ಚಿ ತಾ. ಎರಡು ಬಿದಿರು ತರೋಕ್ ಹೇಳು. ಇವನನ್ನ ಮಲಗಿಸ್ಬೇಡಿ, ಮಲಗಿಸಿದ್ರೆ ಉಸಿರು ಕಟ್ಟುತ್ತೆ. ಕೂತೇ ಹೋಗ್ಲಿ."

"ಎಲ್ಲಿಗಮ್ಮಾ?"

"ಸಮುದ್ರ ದಾಟಿ. ಡಾಕ್ಟರ ಹತ್ರ."

ಆಸ್ಪತ್ರೆ ಇರುವುದು ಪಕ್ಕದ ಸಪರುವ ದ್ವೀಪದಲ್ಲಿ. ಮೂಡಣ ಗಾಳಿಯ ತಿಂಗಳುಗಳಲ್ಲಿ ನಮ್ಮೂರ ದಡಕ್ಕೆ ದೋಣಿ ಹಚ್ಚಲಾಗುವುದಿಲ್ಲ, ಅಲೆ ಬಂಡೆಗೆ ಎತ್ತಿ ಹಾಕುತ್ತದೆ. ದೋಣಿಗಳೆಲ್ಲ ಗುಡ್ಡದ ಆಚೆ, ಪಡುವಣ ದಡದಲ್ಲಿ. ಗುಡ್ಡ ಬಳಸಿ ಹೋದರೆ ಮೂರು ಗಂಟೆ, ಲವಂಗದ ತೋಪಿನ ನಡುವೆ ಹೋದರೆ ಮುಕ್ಕಾಲು ಗಂಟೆ.

ತೋಪು ಆಗ ಮೊಗ್ಗು ಕಟ್ಟಿತ್ತು.

ಮೊಗ್ಗು ಕಟ್ಟಿದ ಮರ ನಮ್ಮಲ್ಲಿ ಬಸುರಿ. ಅದರ ಕೆಳಗೆ ಗಂಡಸರು ಟೋಪಿ ತೆಗೆಯುತ್ತಾರೆ. ಯಾರೂ ಕೂಗುವುದಿಲ್ಲ, ಬೆಂಕಿ ಒಯ್ಯುವುದಿಲ್ಲ. ಬೆಚ್ಚಿದರೆ ಮೊಗ್ಗು ಉದುರಿಸಿಬಿಡುತ್ತದೆ ಎಂಬ ಭಯ. ಹೆಣವನ್ನಾಗಲಿ ಸಾಯುವಂತಿರುವ ರೋಗಿಯನ್ನಾಗಲಿ ಆ ದಾರಿಯಲ್ಲಿ ಹೊರುವಂತೆಯೇ ಇಲ್ಲ. ತೋಪಿನಲ್ಲಿ ಊರಿನ ಎಲ್ಲ ಮನೆಗಳ ಮರಗಳೂ ಇವೆ. ಅದನ್ನು ಕಾಯುವವನಿಗೆ ಕೆವಾಂಗ್ ಎನ್ನುತ್ತೇವೆ. ಆ ವರ್ಷ ಕೆವಾಂಗ್ ಆಗಿದ್ದವರು ಬಾಪಾ ಯೋಸಿಯಸ್, ಓಮಾಗಿಂತ ಎರಡು ವರ್ಷ ದೊಡ್ಡವರು.

ನಾಲ್ವರು ಕುರ್ಚಿ ಹೊತ್ತು ತೋಪಿನ ಬಾಯಿಗೆ ಬಂದಾಗ ಯೋಸಿಯಸ್ ದಾರಿಗೆ ಅಡ್ಡ ಕಟ್ಟಿದ್ದ ತೆಂಗಿನ ಗರಿಯ ಹಿಂದೆ ನಿಂತಿದ್ದರು. ಕುರ್ಚಿಯಲ್ಲಿ ಮೆಲ್ಕಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದ. ಒಂದೊಂದು ಉಸಿರೂ ಗರಗಸದ ಹಾಗೆ ಎಳೆಯುತ್ತಿತ್ತು.

"ಗುಡ್ಡದ ದಾರಿ ಹಿಡೀರಿ," ಎಂದರು ಯೋಸಿಯಸ್, ದನಿ ತಗ್ಗಿಸಿಯೇ.

"ಗುಡ್ಡದ ದಾರಿ ಹಿಡಿದ್ರೆ ಹೆಣ ಇಳಿಸ್ತೀವಿ, ಬಾಪಾ."

"ಮಿನಾ, ನನಗೇನು ಕರುಳಿಲ್ವಾ? ಹೋದ್ ಸಲ ಆ ಪಾತ್ರಿಸ್‌ನ ಹೆಣ ಕದ್ದು ಇದೇ ದಾರೀಲಿ ಹೊತ್ಕೊಂಡು ಹೋದ್ರು. ಎಂಟೇ ದಿನ. ನೆಲ ಎಲ್ಲಾ ಮೊಗ್ಗು. ನಿನ್ನ ಕಣ್ಣಾರೆ ನೀನೇ ನೋಡಿದ್ದೀಯ."

"ಅದೇ ವಾರ ಗಾಳೀನೂ ಬೀಸಿತ್ತು."

"ಗಾಳಿ ಪ್ರತಿ ವರ್ಷ ಬೀಸುತ್ತೆ. ಅರವತ್ತು ಮನೆ ಇದೆ ಈ ಊರಲ್ಲಿ. ಎಲ್ಲಾರಿಗೂ ನಾನು ಏನ್ ಹೇಳ್ಲಿ? ಓಮಾ ಮಿನಾನ ಅಳಿಯ ಅಂತ ಬಿಟ್ಟೆ ಅಂತಾನಾ?"

ಫೆರ್ಡಾ ಗರಿಯನ್ನು ಕಿತ್ತು ಎಸೆಯಲು ಮುಂದೆ ಹೋದಳು. ಓಮಾ ಅವಳ ರಟ್ಟೆ ಹಿಡಿದರು. ಗರಿ ಹರಿದರೆ ಹೊತ್ತವರೇ ಕುರ್ಚಿ ಇಳಿಸಿ ಹಿಂದೆ ಸರಿಯುತ್ತಿದ್ದರು. ಆ ನಾಲ್ವರಿಗೂ ತೋಪಿನಲ್ಲಿ ಮರಗಳಿದ್ದವು. ಅವರ ಕಣ್ಣು ಆಗಲೇ ನೆಲ ನೋಡುತ್ತಿತ್ತು.

ಓಮಾ ಕುರ್ಚಿಯ ಕಡೆ ನೋಡಿದರು. ಮೆಲ್ಕಿಯ ತುಟಿಯ ಅಂಚು ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅವರು ಯೋಸಿಯಸ್ ಕಡೆ ತಿರುಗಿದರು.

"ಬಾಪಾ, ಮೊಗ್ಗಿನ ಕಾಲದಲ್ಲಿ ನಾನು ಈ ದಾರೀಲಿ ಎಷ್ಟ್ ಸಲ ಹೋಗಿಲ್ಲ? ಆಗ ನೀವ್ಯಾರೂ ತಡೀಲಿಲ್ವಲ್ಲ."

"ಅದು ಬೇರೆ. ಹೆರಿಗೆ ನೋವು ಬಂದವಳನ್ನ ಕರ್ಕೊಂಡು ಹೋಗ್ತಿದ್ದೆ. ಬಸುರಿಗೆ ಬಸುರಿ ದಾರಿ ಬಿಡ್ತಾಳೆ."

"ಹಂಗಾದ್ರೆ ಬಿಡಿ. ಇವಳಿಗೆ ನೋವು ಶುರುವಾಗಿದೆ."

"ಯಾರಿಗೆ?"

"ಇವಳಿಗೆ." ಓಮಾ ಮೆಲ್ಕಿಯ ಭುಜ ಮುಟ್ಟಿದರು. "ಚೊಚ್ಚಲು. ಮಗು ಅಡ್ಡ ತಿರುಗಿದೆ."

ಮೆಲ್ಕಿಯದು ಎದೆಗೆ ಇಳಿಯುವ ಗಡ್ಡ. ಯೋಸಿಯಸ್ ಅದನ್ನೇ ದಿಟ್ಟಿಸಿದರು.

"ನನ್ನನ್ನ ಮರುಳ ಅಂದ್ಕೊಂಡಿದ್ದೀಯಾ ಮಿನಾ?"

"ನಿಮಗೆ ಕಣ್ಣಿದೆ, ಬಾಪಾ. ಮರಕ್ಕೆ ಕಣ್ಣಿಲ್ಲ. ಸೂಲಗಿತ್ತಿ ಹೇಳಿದ್ದನ್ನ ಅದು ನಂಬುತ್ತೆ. ನಲವತ್ತು ವರ್ಷದಲ್ಲಿ ನಾನು ಒಂದು ಸಲಾನೂ ಅದಕ್ಕೆ ಸುಳ್ಳು ಹೇಳಿಲ್ಲ. ಇವತ್ತು ಹೇಳ್ತೀನಿ. ಮೊಗ್ಗು ಉದುರಿದ್ರೆ ಪಾಪ ನನಗೆ ಬರ್ಲಿ. ಆಮೇಲೆ ಊರಲ್ಲಿ ಯಾರ ಮಗೂನೂ ನನ್ನ ಕೈಲಿ ಹಿಡಿಯಲ್ಲ."

ಸೂಲಗಿತ್ತಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಫೆರ್ಡಾ ತನ್ನ ಹೊದಿಕೆಯ ಬಟ್ಟೆ ಬಿಚ್ಚಿ ಗಂಡನ ತಲೆಯ ಮೇಲೆ ಹೊದಿಸಿ, ಗಡ್ಡ ಕಾಣದಂತೆ ಎಳೆದು ಕಟ್ಟಿದಳು. ಯೋಸಿಯಸ್ ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗರಿಯನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದರು.

ಓಮಾ ಮುಂದೆ ನಡೆದರು. ಬಾಯಲ್ಲಿ ಲವಂಗ ಅಗಿಯುತ್ತ, ದಾರಿಯ ಅಂಚಿನ ಒಂದೊಂದು ಬೊಡ್ಡೆಗೂ ಅಂಗೈ ಇಟ್ಟು ಮೆಲ್ಲಗೆ ಊದುತ್ತಿದ್ದರು. "ಹೆರೋಕೆ ಬರ್ತಿದ್ದಾಳೆ ಕಣಮ್ಮಾ, ದಾರಿ ಬಿಡು. ಹೆದರ್ಬೇಡ. ಹೆರೋಕೆ ಬರ್ತಿದ್ದಾಳೆ." ಹಿಂದೆ ನಾವೆಲ್ಲ ಬರಿಗಾಲಲ್ಲಿ. ಇಡೀ ತೋಪಿನಲ್ಲಿ ಕೇಳುತ್ತಿದ್ದದ್ದು ಆ ಪಿಸುಮಾತು, ಬಿದಿರಿನ ಕಿರಕಿರ, ಮೆಲ್ಕಿಯ ಉಸಿರು.

ಅರ್ಧ ದಾರಿಯಲ್ಲಿ ಉಸಿರಿನ ಸದ್ದು ನಿಂತಿತು.

ಅವನ ತಲೆ ಹಿಂದಕ್ಕೆ ವಾಲಿತ್ತು. ಫೆರ್ಡಾಳ ಬಾಯಿ ಕಿರುಚಲು ತೆರೆಯಿತು. ಅವಳೇ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಓಮಾ ಓಡಿ ಬಂದು ಅಳಿಯನ ಹಿಂದೆ ನಿಂತು, ಎರಡೂ ಕೈಗಳಿಂದ ದವಡೆಯ ಮೂಲೆ ಹಿಡಿದು ಮುಂದಕ್ಕೆ ಎಳೆದು ಅವನನ್ನು ಬಾಗಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದರು. ಕುರ್ಚಿ ಹೊತ್ತವರಲ್ಲಿ ಒಬ್ಬನ ಹೆಗಲಿನಿಂದ ಬಿದಿರು ಜಾರಿತು. ಅದು ನೆಲಕ್ಕೆ ಬೀಳುವ ಮೊದಲು ಹಿಂದಿನಿಂದ ಯೋಸಿಯಸ್ ಹೆಗಲು ಕೊಟ್ಟರು. ಅವರು ಹಿಂದೆಯೇ ಬರುತ್ತಿದ್ದುದು ಆಗಲೇ ನಮಗೆ ಗೊತ್ತಾದದ್ದು.

ಗೊರ್ ಎಂದು ಗಾಳಿ ಒಳಗೆ ಹೋಯಿತು.

"ಇವಳ ಗದ್ದ ಹಿಡ್ಕೊಂಡೇ ನಡಿ," ಎಂದು ಯೋಸಿಯಸ್ ಪಿಸುಗುಟ್ಟಿದರು. "ನಾನು ಹೊರ್ತೀನಿ. ಮರಕ್ಕೆ ಹೇಳೋದು ನಿಲ್ಲಿಸ್ಬೇಡ."

ಉಳಿದ ದಾರಿಯನ್ನು ಓಮಾ ಅಡ್ಡಡ್ಡ ಹೆಜ್ಜೆ ಹಾಕುತ್ತ, ಅಳಿಯನ ದವಡೆ ಎತ್ತಿ ಹಿಡಿದುಕೊಂಡೇ ಮುಗಿಸಿದರು. ದೋಣಿಯಲ್ಲೂ ಬಿಡಲಿಲ್ಲ. ಅಲೆ ಎತ್ತಿ ಹಾಕಿದಾಗಲೆಲ್ಲ ಅವರ ಮೊಣಕೈ ದೋಣಿಯ ಅಂಚಿಗೆ ಬಡಿದು ರಕ್ತ ಬಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಗದ್ದದ ಕೆಳಗೆ ಕೊಯ್ದು ಕೊಳವೆ ಇಟ್ಟರು. ಬಟ್ಟಲು ತುಂಬ ಕೀವು ಬಂತು. ಮಧ್ಯಾಹ್ನದ ಹೊತ್ತಿಗೆ ಉಸಿರು ಸಲೀಸಾಯಿತು. ಆರನೆಯ ದಿನ ಹಲ್ಲು ಕಿತ್ತರು.

"ಬಾಯೆಲ್ಲಾ ಲವಂಗದ ವಾಸನೆ," ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು. "ಯಾರು ಹಚ್ಚಿದ್ದು?"

"ನಾನೇ," ಎಂದರು ಓಮಾ. "ಮೂರು ದಿನ. ನೋವು ಇಲ್ಲ ಅಂದ. ವಾಸಿಯಾಯ್ತು ಅಂದ್ಕೊಂಡೆ."

"ಲವಂಗ ಜಾಗಾನ ಮರಗಟ್ಟಿಸುತ್ತೆ ಅಷ್ಟೇ, ಅಮ್ಮಾ. ಒಳಗೆ ಕೀವು ತನ್ನ ಪಾಡಿಗೆ ತಾನು ಇಳೀತಾ ಇತ್ತು."

ಹಲ್ಲು ಕಿತ್ತ ದಿನ ಓಮಾ ಅದನ್ನು ಕೇಳಿ ತೆಗೆದುಕೊಂಡು ಸೊಂಟದ ಗಂಟಿನಲ್ಲಿ ಲವಂಗದ ಜೊತೆ ಕಟ್ಟಿಕೊಂಡರು.

ಊರಿಗೆ ಬಂದಾಗ ಯೋಸಿಯಸ್ ತೋಪಿನ ಬಾಯಲ್ಲೇ ಸಿಕ್ಕರು. ಆ ದಿನದಿಂದ ಪ್ರತಿ ಬೆಳಿಗ್ಗೆ ಅವರು ದಾರಿಯುದ್ದಕ್ಕೂ ನೆಲ ನೋಡುತ್ತ ನಡೆದಿದ್ದರು.

"ಉದುರ್ತಾ?" ಎಂದು ಓಮಾ ಕೇಳಿದರು. ದನಿ ಗಟ್ಟಿಯಿರಲಿಲ್ಲ.

"ಅಲ್ಲೊಂದು ಇಲ್ಲೊಂದು. ಎಲ್ಲಾ ವರ್ಷದ ಹಾಗೆ." ಅವರು ಗರಿ ಎತ್ತಿದರು. "ಆದ್ರೆ ಕೆಲಸ ಅರ್ಧಕ್ಕೆ ಬಿಟ್ಟಿದ್ದೀಯಲ್ಲ. ಮರ ಕಾಯ್ತಾ ಇದೆ. ಹೆತ್ತಿದ್ದು ಏನು ಅಂತ ಬಂದು ಹೇಳ್ಬೇಕು ತಾನೆ? ಗಂಡೋ ಹೆಣ್ಣೋ?"

ಓಮಾ ಗಂಟು ಬಿಚ್ಚಿ ಅಂಗೈ ಚಾಚಿದರು.

ಯೋಸಿಯಸ್ ಬಗ್ಗಿ ನೋಡಿದರು. "ಅಮ್ಮನ ಹಾಗೇ ಇದೆ," ಎಂದರು. "ಬುಡ ಕೊಳೆತಿದೆ."

ಮೆಲ್ಕಿಗೆ ನಗಲು ಆಗುತ್ತಿರಲಿಲ್ಲ, ಗದ್ದಕ್ಕೆ ಇನ್ನೂ ಪಟ್ಟಿ ಇತ್ತು. ಕೈಯಿಂದ ಗದ್ದ ಹಿಡಿದು ಭುಜ ಕುಲುಕಿಸಿದ. ಓಮಾ ನಗಲಿಲ್ಲ.

ನಮ್ಮಲ್ಲಿ ಮಗು ಹುಟ್ಟಿದರೆ ಅದರ ಹೆಸರಿನಲ್ಲಿ ಒಂದು ಲವಂಗದ ಸಸಿ ನೆಡುತ್ತಾರೆ. ಓಮಾ ದಾರಿಯ ಅಂಚಿನಲ್ಲಿ ಗುಂಡಿ ತೋಡಿದರು, ತಳದಲ್ಲಿ ಹಲ್ಲಿಟ್ಟರು, ಮೇಲೆ ಸಸಿ ಇಟ್ಟು ಮಣ್ಣು ಎಳೆದರು. ಪಕ್ಕದ ದೊಡ್ಡ ಮರದ ಬೊಡ್ಡೆಗೆ ಅಂಗೈ ಇಟ್ಟು ಬಹಳ ಹೊತ್ತು ಏನೋ ಹೇಳಿದರು. ಊದಲಿಲ್ಲ, ಬಾಯಲ್ಲಿ ಲವಂಗ ಇರಲಿಲ್ಲ. ಏನು ಹೇಳಿದರೆಂದು ಫೆರ್ಡಾ ಕೇಳಿದ್ದಕ್ಕೆ, "ನಿಜ ಹೇಳ್ದೆ," ಎಂದಷ್ಟೇ ಅಂದರು.

ಆ ಸಸಿ ಈಗ ಮನೆಯ ಮಾಡಿಗಿಂತ ಎತ್ತರವಾಗಿದೆ, ಮೊಗ್ಗೂ ಕಟ್ಟುತ್ತದೆ. ಮೆಲ್ಕಿಯನ್ನು ಊರವರು ಇವತ್ತಿಗೂ ಬಾಣಂತಿ ಎಂದೇ ಕರೆಯುತ್ತಾರೆ. ಓಮಾ ಮಿನಾ ಹಲ್ಲುನೋವಿಗೆ ಲವಂಗ ಕೊಡುವುದನ್ನು ಬಿಟ್ಟಿಲ್ಲ. ಆದರೆ ಕೊಡುವ ಮೊದಲು ಗದ್ದದ ಕೆಳಗೆ ಎರಡು ಬೆರಳಿಟ್ಟು ಒತ್ತುತ್ತಾರೆ. ಕೊಟ್ಟ ಮೇಲೆ, "ನೋವು ಹೋಯ್ತು ಓಮಾ," ಎಂದು ಯಾರಾದರೂ ಎದ್ದು ನಿಂತರೆ, ತೋಳು ಹಿಡಿದು ಮತ್ತೆ ಕೂರಿಸುತ್ತಾರೆ.

"ಹೋಗಿಲ್ಲ. ದೋಣಿ ಎಷ್ಟ್ ಹೊತ್ತಿಗಿದೆ, ಮೊದ್ಲು ಅದನ್ನ ಕೇಳ್ಕೊಂಡು ಬಾ."