ನಲವತ್ತು ಪಿನ್ನು, ಇಬ್ಬರ ಕಣ್ಣು

ಬೆಳಗಿನ ಆರು ಗಂಟೆ. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡ ಮೇಜಿನ ಮೇಲೆ ಅಂಗೈಯಗಲದ ಪುಟ್ಟ ಕಂಪ್ಯೂಟರ್. ಅದರ ಅಂಚಿನಲ್ಲಿ ಎರಡು ಸಾಲಾಗಿ ನಿಂತ ನಲವತ್ತು ಪಿನ್ನುಗಳಿಗೆ ಬೋರ್ಡಕ್ಕ ಒಂದು ಕಾಗದ ಚುಚ್ಚುತ್ತಾರೆ. ಅದರಲ್ಲಿರುವುದು ಅವರೇ ಎಳೆದ ಹೊಸ ಸರ್ಕ್ಯೂಟಿನ ನಕ್ಷೆ. ಎದುರಿಗೆ ಅವರ ಅತ್ತಿಗೆ, ಕೈಯಲ್ಲಿ ಪೆನ್ಸಿಲ್ಲು ಮತ್ತು ಪ್ರತಿ ಪಿನ್ನಿನ ಹೆಸರಿನ ಪಟ್ಟಿ. ಕೇಳುವವರು ಅವರು.

"ಒಂದು?"

"ಮೂರು ಪಾಯಿಂಟ್ ಮೂರು ವೋಲ್ಟು."

"ಎರಡು?"

"ಐದು ವೋಲ್ಟು."

ಈ ಕಂಪ್ಯೂಟರಿಗೆ ಬುದ್ಧಿಯಿದೆ, ಮೂಗಿಲ್ಲ. ಅದರ ತಲೆಯ ಮೇಲೆ ಕೂರುವ ಬೋರ್ಡೇ ಮೂಗು. ಕೊಳಚೆ ಪಂಪಿನ ಬಾವಿಯಲ್ಲಿ ವಿಷಗಾಳಿ ತುಂಬಿದರೆ ಮೇಲೆ ಸೈರನ್ ಕೂಗಬೇಕು. ಟಿವಿ ರಿಪೇರಿ ಅಂಗಡಿಯಲ್ಲಿ ಹದಿನೈದು ವರ್ಷ ಬೆಸುಗೆ ಹಾಕಿದ ಬೋರ್ಡಕ್ಕ, ಅಂಗಡಿ ಮುಚ್ಚಿದ ಮೇಲೆ ಹಳೇ ಲ್ಯಾಪ್‌ಟಾಪಿನಲ್ಲಿ ಈ ವಿನ್ಯಾಸವನ್ನು ತಾವೇ ಕಲಿತವರು. ಒಂದು ಬೋರ್ಡಿಗೆ ಕರೆಂಟು ಹರಿಯುವ ನೂರಾ ಹತ್ತು ಗೆರೆ, ದಿನಕ್ಕೆ ಹತ್ತು ಗಂಟೆ. ಹದಿನಾಲ್ಕು ಬಾವಿಗಳಲ್ಲಿ ಇವರ ಕೈಕೆಲಸವಿದೆ. ಬೋರ್ಡಕ್ಕ ಎಂಬ ಅಡ್ಡಹೆಸರು ಕೇಳಿ ಬೀದಿಯ ಅರ್ಧ ಜನ ಇವರು ಅಂಗಡಿಗಳ ನಾಮಫಲಕ ಬರೆಯುತ್ತಾರೆಂದೇ ತಿಳಿದಿದ್ದಾರೆ.

ಗೋಡೆಯ ಮೊಳೆಗೆ ಸುಟ್ಟ ಬೋರ್ಡೊಂದು ನೇತಾಡುತ್ತಿದೆ. ಇವರ ಕೆಲಸ ನೋಡಲು ಬಂದ ನಾನು ಕೇಳಬಾರದಿತ್ತೇನೋ, ಅದೇನೆಂದು ಕೇಳಿದೆ.

"ಮೊದಲನೇ ಸಲದ್ದು. ಬೋರ್ಡಿನ ಅಡಿಯಲ್ಲಿ ಕೂರೋ ಸಾಕೆಟ್ಟನ್ನ ಮೇಲಿಂದ ನೋಡಿದ ಹಾಗೆ ಬರೆದುಬಿಟ್ಟೆ. ಕನ್ನಡಿಯಲ್ಲಿ ನೋಡಿದಂಗೆ ಎಲ್ಲಾ ಅದಲುಬದಲು. ಕಾಗದ ಚುಚ್ಚಿ ನೋಡಿದ್ರೆ ನಲವತ್ತೂ ತೂತು ಸರಿಯಾಗಿ ಕೂತ್ಕೊಂಡ್ವು. ಕೂತ್ಮೇಲೆ ಮುಗೀತು ಅಂದ್ಕೊಂಡೆ. ಪಿನ್ನುಗಳ ಹೆಸರು ಓದಲೇ ಇಲ್ಲ."

ಮಾಡಿಸಿದ ಹತ್ತೂ ಬೋರ್ಡು ನೀರಿನಲ್ಲಿ ಹೋಮವಾಯಿತು. ಹೊಸದಕ್ಕೆ ಮೂರು ವಾರ. ಹನ್ನೆರಡನೇ ದಿನ ಪಂಪು ಕೆಟ್ಟಿತು. ಸೈರನ್ ಬರುವ ತನಕ ಯಾರೂ ಇಳಿಯಬೇಡಿ ಎನ್ನಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಿಪೇರಿಗೆ ಇಳಿದವರು ಬೋರ್ಡಕ್ಕನ ಅಣ್ಣ, ಈ ಅತ್ತಿಗೆಯ ಗಂಡ. ಹೆಣವಾಗಿ ಮೇಲೆ ಬಂದರು. ನನಗೆ ಸಿಟ್ಟು ಇಳಿಸಿದವರ ಮೇಲೆ. ಬೋರ್ಡಕ್ಕನಿಗೆ ತನ್ನ ಮೇಲೇ.

"ಇಳಿಸಿದೋರದ್ದೂ ತಪ್ಪೇ. ಆದ್ರೆ ನನ್ನ ಪಾಲು ನಂದೇ ಅಲ್ವಾ? ಅತ್ತಿಗೆಗೆ ನಾನೇ ಹೇಳ್ದೆ. ಎರಡು ತಿಂಗಳು ಅವರು ನನ್ನ ಮುಖ ನೋಡಲಿಲ್ಲ."

ಆಮೇಲೊಂದು ಬೆಳಿಗ್ಗೆ, ಸರ್ಕ್ಯೂಟಿನ ಗಂಧಗಾಳಿಯೂ ಗೊತ್ತಿಲ್ಲದ ಅತ್ತಿಗೆ ತಾವಾಗಿಯೇ ಬಂದು ಎದುರು ಕೂತರಂತೆ. "ಒಂದೊಂದೇ ಹೆಸರು ಓದು, ನಾನು ಗುರುತು ಹಾಕ್ತೀನಿ. ನಿನ್ನ ಕಣ್ಣೊಂದನ್ನೇ ನಂಬಲ್ಲ" ಅಂದರಂತೆ. ಕ್ಷಮಿಸಿದ್ದಾರೋ ಇಲ್ಲವೋ, ಬೋರ್ಡಕ್ಕ ಕೇಳಿಲ್ಲ.

"ಮೂವತ್ತೊಂದು?"

"ಗ್ರೌಂಡ್."

ಪೆನ್ಸಿಲ್ಲು ನಿಲ್ಲುತ್ತದೆ. "ಇಲ್ಲ. ಪಟ್ಟೀಲಿ ಗ್ರೌಂಡ್ ಇರೋದು ಮೂವತ್ತಕ್ಕೆ."

ಬೋರ್ಡಕ್ಕ ಬಗ್ಗಿ ನೋಡುತ್ತಾರೆ. ಗೆರೆ ತಪ್ಪು ಪಿನ್ನಿಗೆ ಹೋಗಿದೆ. ಅರ್ಧ ಗೆರೆಗಳನ್ನು ಅಳಿಸಿ ಮತ್ತೆ ಎಳೆಯಬೇಕು. ಈಗ ಊರಲ್ಲೇ ಇರುವ ಕಾರ್ಖಾನೆ ಒಂದೇ ದಿನದಲ್ಲಿ ಬೋರ್ಡು ಮಾಡಿಕೊಡುತ್ತದೆ, ಆದರೆ ನಕ್ಷೆ ಬೆಳಗಿನ ಎಂಟು ಗಂಟೆಯೊಳಗೆ ಅಲ್ಲಿಗೆ ಹೋಗದಿದ್ದರೆ ಹದಿನೈದನೇ ಬಾವಿಯ ಬೋರ್ಡು ಇನ್ನೊಂದು ವಾರ ತಡ. ಆ ಬಾವಿಯಲ್ಲಿ ನಾಳೆಯೇ ದುರಸ್ತಿ ಇದೆ, ಹಳೆಯ ಸೈರನ್ ಕೆಟ್ಟು ಕೂತಿದೆ.

ಅತ್ತಿಗೆ ಪಟ್ಟಿ ಮಡಚಿಟ್ಟು ಚಪ್ಪಲಿ ಮೆಟ್ಟುತ್ತಾರೆ.

"ನಿಧಾನಕ್ಕೆ ಸರಿ ಮಾಡು. ಬೋರ್ಡು ಬರೋ ತನಕ ಆ ಬಾವಿ ಮುಚ್ಚಳದ ಮೇಲೆ ನಾನು ಕೂತಿರ್ತೀನಿ. ಯಾರು ಇಳೀತಾರೋ ನೋಡೇಬಿಡ್ತೀನಿ."